ಡಾಕ್ಟರ ಕೋಟಿನಿಂದ ರೋಗಿಯ ಮಂಚಕ್ಕೆ

ಕೆನಡಾದ ಚಳಿಯನ್ನು ನಾನು ಅತ್ಯಂತ ಚೆನ್ನಾಗಿ ನಟಿಸಿದ್ದು ಆಸ್ಟ್ರೇಲಿಯಾದ ಬ್ರಿಸ್ಬೇನಿನ ಸುಡುಬಿಸಿಲಿನಲ್ಲಿ. ಸ್ಟುಡಿಯೋದ ಹಿಂದಿನ ಬಯಲಲ್ಲಿ ಕೆನಡಾದ ಒಂದು ಪುಟ್ಟ ಊರನ್ನೇ ಕಟ್ಟಿ, ಬೀದಿಯ ತುಂಬ ಕಾಗದದ ಪುಡಿಯನ್ನು ಹಿಮವೆಂದು ಹರಡಿದ್ದರು. ಉಣ್ಣೆಯ ಕೋಟು, ಟೊಪ್ಪಿ, ಕೈಗವಸು ತೊಟ್ಟ ನಾನು ಗಾಯಾಳುವಿನ ಪಕ್ಕ ಮಂಡಿಯೂರಿ ಗಡಗಡ ನಡುಗಬೇಕು. "ಕಟ್" ಎಂದ ಕೂಡಲೇ ಇಬ್ಬರು ಓಡಿಬಂದು ಕೋಟು ಬಿಚ್ಚಿ ನನ್ನ ಕುತ್ತಿಗೆಗೆ ಐಸ್ ಒತ್ತುತ್ತಿದ್ದರು. ಕೆನಡಾದಿಂದ ಇಷ್ಟು ದೂರ ನನ್ನನ್ನೇ ಯಾಕೆ ಕರೆಸಿದಿರಿ ಎಂದು ನಿರ್ದೇಶಕರನ್ನು ಕೇಳಿದ್ದಕ್ಕೆ, ಚಳಿಯಲ್ಲಿ ಹುಟ್ಟಿ ಬೆಳೆದವರ ನಡುಕವೇ ಬೇರೆ ಎಂದರು. ನಾನು ಹುಟ್ಟಿದ್ದು ಮೈಸೂರಿನಲ್ಲಿ ಎಂದು ಹೇಳಿ ಅವರ ಸಂತೋಷ ಕೆಡಿಸಲು ಮನಸ್ಸಾಗಲಿಲ್ಲ.

ಅಮ್ಮ ಮೈಸೂರಿನ ಒಂದು ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ನನ್ನ ಎಸ್ಸೆಸ್ಸೆಲ್ಸಿ ಮುಗಿದ ವರ್ಷ ಅವರಿಗೆ ಎಡ್ಮಂಟನ್‌ನಲ್ಲಿ ಕೆಲಸ ಸಿಕ್ಕಿ ನಾವೆಲ್ಲ ಕೆನಡಾಕ್ಕೆ ಹೋದೆವು. ಭಾನುವಾರ ಇಂಗ್ಲಿಷ್ ಚರ್ಚಿನಿಂದ ಬಂದ ಮೇಲೆ ಮನೆಯಲ್ಲಿ ಮತ್ತೊಮ್ಮೆ ಕನ್ನಡದಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ಇಂಗ್ಲಿಷಿನಲ್ಲಿ ಬೇಡಿದ್ದು ದೇವರಿಗೆ ಅರ್ಥವಾಗಿದೆಯೋ ಇಲ್ಲವೋ ಎಂಬ ಅನುಮಾನ ಅಮ್ಮನಿಗೆ. ಕಾಲೇಜಿನಲ್ಲಿ ನಾಟಕದ ಹುಚ್ಚು ಹತ್ತಿತು. ಓದು ಮುಗಿಸಿ ಟೊರಾಂಟೋಗೆ ಹೋಗಿ ಟೀವಿಯಲ್ಲಿ ಸಣ್ಣಪುಟ್ಟ ಪಾತ್ರ ಹಿಡಿದೆ. ಮೊದಲು ಅಂಗಡಿಯ ಕ್ಯಾಷಿಯರ್, ಆಮೇಲೆ ಯಾರದೋ ಅತ್ತಿಗೆ. ಒಂದು ಸಲ ಬಿಳಿ ಕೋಟು ಹಾಕಿದ್ದೇ ತಡ, ಡಾಕ್ಟರ್ ಪಾತ್ರಗಳು ಸಾಲುಗಟ್ಟಿ ಬಂದವು. ಆಪರೇಷನ್ ಥಿಯೇಟರಿನ ಬಾಗಿಲು ತಳ್ಳಿಕೊಂಡು ಹೊರಬಂದು, ಮಾಸ್ಕ್ ಇಳಿಸಿ, ಕಾದಿದ್ದವರಿಗೆ ದುಃಖದ ಸುದ್ದಿ ಹೇಳಿ ಮರೆಯಾಗುವುದೇ ನನ್ನ ಕೆಲಸ. ನೀನು ಬಾಗಿಲು ತೆಗೆದರೆ ಯಾರೋ ಹೋದರು ಅಂತಲೇ ಅರ್ಥ ಎಂದು ಅಮ್ಮ ನಗುತ್ತಿದ್ದರು. ನನಗೆ ಬೇಸರವೇನೂ ಇರಲಿಲ್ಲ. ಬೆಳಗಿನ ಜಾವದ ಮೇಕಪ್ ಕುರ್ಚಿ, ದೀಪಗಳ ಬಿಸಿ, ಕ್ಯಾಮೆರಾ ಓಡುವ ಮುಂಚಿನ ಆ ಒಂದು ಗಳಿಗೆಯ ಮೌನ, ಇಷ್ಟಿದ್ದರೆ ನನಗೆ ಹಬ್ಬ.

ಬ್ರಿಸ್ಬೇನಿನ ಸಿನಿಮಾ ಮುಗಿಯುತ್ತಿದ್ದಂತೆ ಅದೇ ನಿರ್ಮಾಪಕರು ಪರ್ತ್‌ನಲ್ಲಿ ಶುರುವಾಗುತ್ತಿದ್ದ ಸೀರಿಯಲ್ಲಿಗೂ ಕರೆದರು. ಅಲ್ಲಿ ನಾನು ಹಡಗಿನ ಡಾಕ್ಟರ್. ಚಿತ್ರೀಕರಣ ಪಕ್ಕದ ಫ್ರೀಮ್ಯಾಂಟಲ್ ಬಂದರಿನಲ್ಲಿ. ಬಂದರು ನಮಗಾಗಿ ಕೆಲಸ ನಿಲ್ಲಿಸುತ್ತಿರಲಿಲ್ಲ. ನಾನು ಗಂಭೀರವಾಗಿ ಮಾತು ಶುರು ಮಾಡಿದರೆ ಹಿಂದೆ ಕ್ರೇನೊಂದು ಕಂಟೇನರನ್ನು ಎತ್ತಿ ಕಿರ್ರೆನ್ನುತ್ತಿತ್ತು, ಮತ್ತೆ ಮೊದಲಿನಿಂದ. ಒಂದು ದೃಶ್ಯದಲ್ಲಿ ಉಸಿರು ನಿಂತ ನಾವಿಕನ ಎದೆಯನ್ನು ಒತ್ತಿ ಬದುಕಿಸಬೇಕಿತ್ತು. ನಾವಿಕನ ಬದಲು ರಬ್ಬರಿನ ಬೊಂಬೆ ಮಲಗಿತ್ತು. ನಾನು ಮೈಮರೆತು ಒತ್ತಿದೆ. ಶಾಟ್ ಮುಗಿದ ಮೇಲೆ, ವೈದ್ಯಕೀಯ ವಿವರಗಳನ್ನು ನೋಡಿಕೊಳ್ಳಲೆಂದು ಪರ್ತ್‌ನ ಆಸ್ಪತ್ರೆಯಿಂದ ಬಂದಿದ್ದ ಡಾಕ್ಟರೊಬ್ಬರು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕನ್ನಡದಲ್ಲೇ ಹೇಳಿದರು:

"ಮೇಡಂ, ನೀವು ಒಂದು, ಎರಡು, ಮೂರು ಅಂತ ಎಣಿಸ್ತಿದ್ದದ್ದು ಕೇಳಿಸ್ತು, ತುಂಬಾ ಖುಷಿ ಆಯ್ತು. ಆದ್ರೆ ನೀವು ಒತ್ತಿದ್ದು ಎದೆ ಅಲ್ಲ, ಹೊಟ್ಟೆ."

ಅವರು ಚಿತ್ರದುರ್ಗದವರು. ಆ ಸಂಜೆ ಬಂದರಿನ ಪಕ್ಕದ ಕೆಫೆಯಲ್ಲಿ ಕೂತು ಎದೆ ಎಲ್ಲಿ ಶುರು, ಹೊಟ್ಟೆ ಎಲ್ಲಿ ಶುರು ಎಂದು ಟೊಮ್ಯಾಟೊ ಸಾಸ್ ಬಾಟಲಿ ಇಟ್ಟುಕೊಂಡು ಪಾಠ ಹೇಳಿದರು. ಸೀರಿಯಲ್ ಮುಗಿಯುವಷ್ಟರಲ್ಲಿ ಪರ್ತ್‌ನ ರೈಲಿನಲ್ಲಿ ಇಬ್ಬರೂ ಮಾತಿನಲ್ಲಿ ಮುಳುಗಿ ಎಷ್ಟೋ ಸಲ ಇಳಿಯುವ ಸ್ಟೇಷನ್ ಮರೆತಿದ್ದೆವು. ನಮ್ಮ ಮದುವೆ ಚರ್ಚಿನಲ್ಲೂ ಆಯಿತು, ಅವರ ಮನೆಯ ಪದ್ಧತಿಯಂತೆ ಚಿತ್ರದುರ್ಗದಲ್ಲೂ ಆಯಿತು. ಅಲ್ಲಿಗೆ ಹೋದಾಗ ಒಂದು ಫಜೀತಿ. ಬಿಳಿ ಕೋಟಿನ ನನ್ನ ಫೋಟೋ ನೋಡಿದ್ದ ಅತ್ತೆ, ಹುಡುಗಿಯೂ ಡಾಕ್ಟರಂತೆ ಎಂದು ಬೀದಿಗೆಲ್ಲ ಸಾರಿದ್ದರು. ಪಕ್ಕದ ಮನೆಯವರು ಮೊಣಕಾಲು ತೋರಿಸಲು ಬಂದು ಕೂತಿದ್ದರು. ನಾನು ಬರೀ ವೇಷ ಹಾಕುವವಳು ಎಂದು ಅಂಜುತ್ತಾ ಹೇಳಿದೆ. ಅತ್ತೆ ಹೋಳಿಗೆಯ ತಟ್ಟೆ ಎತ್ತಿಕೊಂಡರು.

"ಮನೇಲಿ ಒಬ್ಬ ಡಾಕ್ಟರ್ ಸಾಕು ಬಿಡಮ್ಮ. ಇಬ್ಬರಾದ್ರೆ ಹಬ್ಬದ ದಿನ ಇಬ್ಬರೂ ಡ್ಯೂಟೀಲೇ ಇರ್ತೀರಿ," ಎಂದು ಹೋಳಿಗೆ ಬಡಿಸಿದರು.

ಆಮೇಲೆ ಗಂಡನಿಗೆ ಅಡಿಲೇಡ್‌ನ ಬೆಡ್‌ಫರ್ಡ್ ಪಾರ್ಕ್ ಬಡಾವಣೆಯ ದೊಡ್ಡ ಆಸ್ಪತ್ರೆಯಲ್ಲಿ ಕೆಲಸವಾಯಿತು. ಅಡಿಲೇಡ್ ನನಗೆ ಹಿಡಿಸಿತು, ಆದರೆ ಪಾತ್ರಗಳು ಸಿಗಲಿಲ್ಲ. ಅಡುಗೆಮನೆಯ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಆಡಿಷನ್ ವಿಡಿಯೋ ಮಾಡಿ ಕಳಿಸುತ್ತಿದ್ದೆ, ಉತ್ತರವೇ ಬರುತ್ತಿರಲಿಲ್ಲ. ಹೀಗಿರುವಾಗ, ಆಸ್ಪತ್ರೆಯ ಪಕ್ಕದ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳ ಅಭ್ಯಾಸಕ್ಕೆ ರೋಗಿಗಳಾಗಿ ನಟಿಸುವವರು ಬೇಕಂತೆ ಎಂದು ಗಂಡ ಸುದ್ದಿ ತಂದರು. ಇಷ್ಟು ವರ್ಷ ನಿಂತುಕೊಂಡು ಸುದ್ದಿ ಹೇಳಿದವಳು ಈಗ ಹಿಂದೆ ಲಾಡಿ ಕಟ್ಟುವ ಆಸ್ಪತ್ರೆ ಗೌನು ತೊಟ್ಟು ಮಂಚ ಹತ್ತಿದೆ. ಟೀವಿಯಲ್ಲಿ ಎಂದೂ ಸಿಗದಷ್ಟು ನಟನೆ ಅಲ್ಲಿ ಸಿಕ್ಕಿತು. ಕ್ಯಾಮೆರಾ ಇಲ್ಲ, ಆದರೆ ಎದುರಿಗೆ ಕೂತ ಹುಡುಗನ ಕೈ ನಿಜವಾಗಿಯೂ ಬೆವರಿರುತ್ತದೆ.

ಒಂದು ಮಧ್ಯಾಹ್ನ ನನ್ನ ಪಾತ್ರ, ಎದೆನೋವನ್ನು ಮುಚ್ಚಿಡುವ, ಇಂಗ್ಲಿಷ್ ಅಷ್ಟಾಗಿ ಬಾರದ ಹೆಂಗಸು. ನನ್ನ ಭಾಷೆಯಲ್ಲೇ ಮಾತಾಡಬಹುದು, ವಿದ್ಯಾರ್ಥಿಗಳು ಏನು ಮಾಡುತ್ತಾರೋ ನೋಡೋಣ ಎಂದು ಪರೀಕ್ಷಕಿ ಹೇಳಿದ್ದರು. ಎಲ್ಲರೂ ದುಭಾಷಿಯನ್ನು ಕರೆಸಿ ಎಂದರು, ಅದೇ ಸರಿಯಾದ ಉತ್ತರ. ಕೊನೆಗೆ ಬಂದ ಹುಡುಗಿಯೂ ಇಂಗ್ಲಿಷಿನಲ್ಲೇ ವಿಚಾರಿಸಿದಳು. ನಾನು ಮುಖ ತಿರುಗಿಸಿ ಗೊಣಗಿದೆ:

"ಏನಿಲ್ಲಮ್ಮ, ಗ್ಯಾಸು. ಮಜ್ಜಿಗೆಗೆ ಇಂಗು ಹಾಕಿ ಕುಡಿದ್ರೆ ಹೋಗುತ್ತೆ."

ಹುಡುಗಿ ಪೆನ್ನು ಕೆಳಗಿಟ್ಟಳು. ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡಳು. ಮಾತಿಗೆ ತಡಕಾಡಿ, ಕೆಂಪಾಗಿ, ಕೊನೆಗೆ ಹೇಳಿದಳು:

"ಆಂಟಿ, ಸುಳ್ಳು ಹೇಳ್ಬೇಡಿ. ನೋವು ಎಲ್ಲಿ?"

ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಎಡಗೈ, ದವಡೆ, ಮೆಟ್ಟಿಲು ಹತ್ತುವಾಗಿನ ಏದುಸಿರು, ಎಲ್ಲವನ್ನೂ ಬಾಯಿಬಿಟ್ಟೆ. ಅವಳು ಒಂದೊಂದನ್ನೂ ಇಂಗ್ಲಿಷಿಗೆ ತಿರುಗಿಸಿ ಪರೀಕ್ಷಕಿಗೆ ಒಪ್ಪಿಸಿ, ಆಮೇಲೆ ದುಭಾಷಿಯನ್ನೂ ಕರೆಸಬೇಕು ಎಂದಳು. ಹೊರಗೆ ಸಿಕ್ಕಾಗ ಕೇಳಿದರೆ, ಮನೆಯಲ್ಲಿ ಆಡುವ ಕನ್ನಡ ಅರ್ಥವಾಗುತ್ತದೆ, ಉತ್ತರ ಕೊಡುವುದು ಮಾತ್ರ ಇಂಗ್ಲಿಷಿನಲ್ಲಿ ಎಂದಳು. ಸುಳ್ಳು ಹೇಳಬೇಡ ಎಂಬುದು ಅಜ್ಜಿ ಅವಳಿಗೆ ದಿನಾ ಹೇಳುವ ಮಾತಂತೆ. ಅವಳ ಬಾಯಿಗೆ ಬರುವ ಕನ್ನಡವೆಲ್ಲ ಬೈಸಿಕೊಂಡು ಕಲಿತ ಕನ್ನಡ.

ಈ ಮಾತು ನನ್ನ ತಲೆಯಲ್ಲಿ ಉಳಿಯಿತು. ಮುಂದಿನ ತಿಂಗಳು ಅಡಿಲೇಡ್‌ನದೇ ಒಂದು ಟೀವಿ ಸೀರಿಯಲ್ಲಿನ ಆಡಿಷನ್ನಿಗೆ ಕರೆ ಬಂತು. ಪಕ್ಕದ ಮನೆಯ ಭಾರತೀಯ ತಾಯಿ, ಒಂದೇ ಕಂತು, ಮಗನಿಗೆ "ತನ್ನ ಭಾಷೆಯಲ್ಲಿ ಬೈಯುತ್ತಾಳೆ" ಎಂದಷ್ಟೇ ಸ್ಕ್ರಿಪ್ಟಿನಲ್ಲಿ ಬರೆದಿತ್ತು. ಏನು ಹೇಳಲಿ ಎಂದು ಕೇಳಿದರೆ, ಏನಾದರೂ ಹೇಳಿ ಎಂದರು. ನಾನು ನಿಧಾನವಾಗಿ ಸೆರಗು ಸಿಕ್ಕಿಸಿದೆ. ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕಿದ್ದರಿಂದ ಶುರು ಮಾಡಿ, ಬೂಟು ಕಾಲಲ್ಲಿ ಅಡುಗೆಮನೆಗೆ ಬಂದದ್ದು, ಬಚ್ಚಲಿನ ದೀಪ ಆರಿಸದೆ ಬಿಟ್ಟದ್ದು, ಅವರಪ್ಪನ ಮನೆತನದವರೆಲ್ಲ ಹಾಗೇ ಇರುವುದು, ಒಂದೇ ಉಸಿರಿಗೆ ಬಡಬಡಿಸಿದೆ. ಒಂದಕ್ಷರ ಅರ್ಥವಾಗದಿದ್ದರೂ ಕೋಣೆಯಲ್ಲಿದ್ದವರೆಲ್ಲ ನಕ್ಕರು. ಸೌಂಡ್ ನೋಡುತ್ತಿದ್ದಾತ, ತನ್ನ ಗ್ರೀಕ್ ಅಜ್ಜಿಯೂ ಥೇಟ್ ಹೀಗೇ ಎಂದ. ಪಾತ್ರ ಸಿಕ್ಕಿತು. ಒಂದು ಕಂತಿನ ತಾಯಿ ಇಡೀ ಸೀರಿಯಲ್ಲಿಗೆ ಉಳಿದುಕೊಂಡಳು.

ಮೊದಲ ಕಂತು ಬಂದ ಸಂಜೆ ಮಾಸನ್ ಲೇಕ್ಸ್ ಬಡಾವಣೆಯಲ್ಲಿರುವ ಆ ವಿದ್ಯಾರ್ಥಿನಿಯ ಮನೆಯಲ್ಲಿ ಬಾರ್ಬಿ, ಅಂದರೆ ಬಾರ್ಬೆಕ್ಯೂ ಊಟ, ಇತ್ತು. ಅಂಗಳದಲ್ಲಿ ಪನೀರೂ ಕೋಳಿಯೂ ಬೇರೆ ಬೇರೆ ಕಾವಲಿಯ ಮೇಲೆ ಬೇಯುತ್ತಿದ್ದವು. ಒಳಗೆ ಟೀವಿಯಲ್ಲಿ ನನ್ನ ಬೈಗುಳ ಶುರುವಾದಾಗ ಮಕ್ಕಳೆಲ್ಲ ಒಮ್ಮೆಗೇ ತಮ್ಮ ತಮ್ಮ ಅಮ್ಮಂದಿರ ಕಡೆ ತಿರುಗಿದರು. ಅಮ್ಮಂದಿರು ಛಾವಣಿ ನೋಡಿದರು. ಆ ರಾತ್ರಿಯ ಊಟದ ಹೊತ್ತಿಗೆ ಮಕ್ಕಳು ಒಬ್ಬರಿಗೊಬ್ಬರು ಒದ್ದೆ ಟವೆಲ್ಲಿನ ಮಾತು ಹೇಳಿಕೊಂಡು ಅಂಗಳವೆಲ್ಲ ಓಡಾಡುತ್ತಿದ್ದರು.

ಈಗ ಬರಹಗಾರರು ನನ್ನ ಭಾಗವನ್ನು ಖಾಲಿ ಬಿಟ್ಟೇ ಕಳಿಸುತ್ತಾರೆ. ನನ್ನ ಬೈಗುಳದ ದಾಸ್ತಾನು ಮುಗಿದಾಗ ಚಿತ್ರದುರ್ಗಕ್ಕೆ ಫೋನ್ ಮಾಡುತ್ತೇನೆ. ಅತ್ತೆ ಕಾಯುತ್ತಲೇ ಇರುತ್ತಾರೆ. ಮೊನ್ನೆ ಒಂದು ಹಳೆಯ ಬೈಗುಳ ಹೇಳಿಕೊಟ್ಟು, ಟೀವಿಯಲ್ಲಿ ಅದನ್ನು ಹೇಳಬಹುದೋ ಇಲ್ಲವೋ ತಮ್ಮ ಮಗನನ್ನೇ ಕೇಳು ಎಂದರು. ಕೇಳಿದೆ. ಗಂಡ ಕಿವಿಯವರೆಗೆ ಕೆಂಪಾಗಿ, ಖಂಡಿತ ಬೇಡ ಎಂದರು.