ಚಿತ್ರದೊಳಗೆ ಇಲ್ಲದ್ದು

ಯಾವ ಚಿತ್ರ ಕಂಡರೂ ಕಾಕಾ ಮೂಗು ತಾಗುವಷ್ಟು ಹತ್ತಿರ ಹೋಗಿ, ಎಡಗಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ನೋಡುತ್ತಿದ್ದರು. ನಮ್ಮ ಮನೆಯ ಕ್ಯಾಲೆಂಡರಿನ ಗಣಪತಿಯನ್ನೂ ಬಿಡಲಿಲ್ಲ. ಅವರ ಮೂಗಿನ ಎಣ್ಣೆ ಗಣಪತಿಯ ಸೊಂಡಿಲಿಗೆ ಅಂಟಿಕೊಂಡಿತು. ನನಗೆ ಎಲ್ಲಿಲ್ಲದ ಸಿಟ್ಟು ಬಂದಿತ್ತು.

ಕೊಲ್ಲಿ ನಾಡಿನ ಅಬು ಹಲೀಫಾದಲ್ಲಿ ಅವರದು ನಮ್ಮ ಎದುರಿನ ಫ್ಲಾಟು. ಬಾಗಲಕೋಟೆ ಕಡೆಯವರು, ಹೆಂಡತಿ ಮಕ್ಕಳು ಊರಲ್ಲಿ. ಎಣ್ಣೆ ಪೈಪುಗಳ ಬೆಸುಗೆಯ ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು, ಒಳಗೆ ಬಿರುಕು ಇದೆಯೋ ಇಲ್ಲವೋ ಹೇಳುವುದು ಅವರ ಕೆಲಸ. ವರ್ಷಗಟ್ಟಲೆ ಒಂದೇ ಕಣ್ಣನ್ನು ಭೂತಗನ್ನಡಿಗೆ ಕೊಟ್ಟು ಎಡಗಣ್ಣಿನ ರೆಪ್ಪೆ ಜೋತುಬಿದ್ದಿತ್ತು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು.

ನಾನು ಮಂಗಳೂರು ಕಡೆಯವಳು, ಪಕ್ಕದ ಫಹಾಹೀಲಿನಲ್ಲಿ ಆಫೀಸ್ ಸೆಕ್ರೆಟರಿ. ಕಂಪ್ಯೂಟರಿನಲ್ಲಿ ಸ್ಲೈಡ್ ಮಾಡಲು ಬರುತ್ತದೆ ಎಂಬ ಒಂದೇ ಪಾಪಕ್ಕೆ ಕನ್ನಡ ಸಂಘದ ಕಾರ್ಯಕ್ರಮಗಳನ್ನೆಲ್ಲ ನನ್ನ ತಲೆಗೆ ಕಟ್ಟಿದ್ದರು. ಒಂದು ರಾಜ್ಯೋತ್ಸವಕ್ಕೆ ಇಂಟರ್ನೆಟ್ಟಿನಿಂದ ಭುವನೇಶ್ವರಿಯ ಪುಟ್ಟ ಚಿತ್ರ ಇಳಿಸಿ, ಮೂಲೆ ಹಿಡಿದು ಎಳೆದು ಸ್ಲೈಡ್ ತುಂಬ ಮಾಡಿದ್ದೆ. ಪ್ರೊಜೆಕ್ಟರ್ ಹಾಕಿದರೆ ಗೋಡೆಯ ತುಂಬ ಬರೀ ಚೌಕಗಳು. ಕಾಕಾ ಮೂಗು ಹಚ್ಚಿ ನೋಡಿ ತಿರುಗಿದರು.

"ಏನವಾ, ತಾಯಿಗೆ ಬಾತ್‌ರೂಮ್ ಟೈಲ್ಸ್ ಹಚ್ಚಿಬಿಟ್ಟೀಯಲ್ಲ!"

"ಲ್ಯಾಪ್‌ಟಾಪಲ್ಲಿ ಚಂದ ಕಾಣ್ತಿತ್ತು ಮಾರಾಯ್ರೆ. ನಾನು ಎಂತ ಮಾಡುದು?"

"ಚಿತ್ರ ಅಂದ್ರ ಚುಕ್ಕಿ. ನೀ ತಂದಿದ್ದು ಹಿಡಿಯಷ್ಟು ಚುಕ್ಕಿ. ಗ್ವಾಡಿ ತುಂಬ ಎಳದ್ರ ಹೊಸಾವು ಎಲ್ಲಿಂದ ಬರಬೇಕು? ಇದ್ದ ಚುಕ್ಕೀನ ಉಬ್ಬಿ ಚೌಕ ಆಗ್ತಾವ."

ಅಂದಿನಿಂದ ನನಗೆ ಪಾಠ ಶುರುವಾಯಿತು. ಇಮೇಲಿನಲ್ಲಿ ಹಾದು ಕುಗ್ಗಿದ ಫೋಟೋ ಬೇಡ, ಕ್ಯಾಮೆರಾದ ಮೂಲ ಫೈಲನ್ನೇ ಕೇಳಿ ತಾ. ಗುಂಪಿನ ಫೋಟೋದಿಂದ ಒಂದು ಮುಖ ಕತ್ತರಿಸಿದರೆ ಕೈಗೆ ಸಿಗುವುದು ಆ ಮುಖದ ಚುಕ್ಕಿ ಮಾತ್ರ. ಚುಕ್ಕಿ ಕಡಿಮೆ ಇದ್ದರೆ ಚಿತ್ರ ಚಿಕ್ಕದಾಗಿಯೇ ಇರಲಿ. ಕೊನೆಗೆ ಒಂದು ಮಾತು: "ಇರಲಾರದ್ದನ್ನ ತುಂಬಬ್ಯಾಡ. ಫಿಲ್ಮಿನ್ಯಾಗ ಇಲ್ಲದ್ದನ್ನ ನಾ ಅದ ಅಂತ ಬರದ್ರ ನಡೀತದೇನು?" ಅಯ್ಯೋ, ಒಂದು ಸ್ಲೈಡಿಗೆ ಇಷ್ಟು ಉಪದೇಶವೇ ಎಂದು ಬೈದುಕೊಂಡೇ ಕಲಿತೆ.

ನಮ್ಮ ಸಂಘದ ಒಬ್ಬ ಹುಡುಗ ಎಗೈಲಾದ ಮಾಲ್‌ ಒಂದರಲ್ಲಿ ಕೆಲಸಕ್ಕಿದ್ದ. ಹೆಂಡತಿ ನರ್ಸ್, ಮಗಳಿಗಿನ್ನೂ ಎರಡು ತುಂಬಿರಲಿಲ್ಲ. ಒಂದು ಬೆಳಿಗ್ಗೆ ಎದೆನೋವೆಂದು ಕುಳಿತವನು ಏಳಲಿಲ್ಲ. ಶವ ಊರಿಗೆ ಹೋಗುವ ಮುಂಚಿನ ಶುಕ್ರವಾರ ಸಂತಾಪ ಸಭೆ ಎಂದಾಯಿತು. ಇಲ್ಲಿ ಚಿತೆ ಕಾಣುವ ಯೋಗ ನಮಗಿಲ್ಲ. ಗೋಡೆಯ ಮೇಲೆ ಮುಖ ಮೂಡಿಸಿ ಹೂ ಹಾಕುವುದೇ ನಮ್ಮ ಪದ್ಧತಿ. ಆದರೆ ಫೋಟೋ ಎಲ್ಲಿ? ಎಲ್ಲರ ಫೋಟೋ ತೆಗೆಯುತ್ತಿದ್ದವನೇ ಅವನು. ಮದುವೆ ಆಲ್ಬಮ್ ಊರಲ್ಲಿತ್ತು. ಸಿಕ್ಕಿದ್ದು ಒಂದು ಪಿಕ್‌ನಿಕ್ಕಿನ ಗುಂಪು ಚಿತ್ರ. ಹಿಂದಿನ ಸಾಲಿನಲ್ಲಿ ಉಗುರಿನಷ್ಟು ಮುಖ, ಅದೂ ತುಸು ಪಕ್ಕಕ್ಕೆ ತಿರುಗಿತ್ತು. ಸಂಘದ ಕಾರ್ಯದರ್ಶಿ ಅದನ್ನು ಯಾವುದೋ ಸ್ಟುಡಿಯೋಗೆ ಕೊಟ್ಟು ದೊಡ್ಡದು ಮಾಡಿಸಿ ತಂದರು.

ಸಭೆಗೆ ಮೊದಲು ಹಾಕಿ ನೋಡಿದೆವು. ಗೋಡೆಯ ತುಂಬ ಮುಖ. ಒಂದು ಚೌಕವಿಲ್ಲ, ಒಂದು ಮಸುಕಿಲ್ಲ. ಹಣೆ ಅವನದೇ, ಗಲ್ಲ ಅವನದೇ. ಆದರೂ ಆ ಮುಖದೊಳಗಿಂದ ಬೇರೆ ಯಾರೋ ನೋಡುತ್ತಿದ್ದರು.

ಕಾಕಾ ವಾಡಿಕೆಯಂತೆ ಗೋಡೆಗೆ ಮೂಗು ಹಚ್ಚಿದರು. ಬಹಳ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಬೆಳಕಿನ ಮಧ್ಯೆಯೇ ನಮ್ಮತ್ತ ತಿರುಗಿದರು. ಗೋಡೆಯ ಮೇಲೆ ಎರಡು ಕಣ್ಣು, ಅದರ ಕೆಳಗೆ ಕಾಕಾನ ಎರಡು ಕಣ್ಣು. ನಾಲ್ಕೂ ಒಂದೇ ಥರ. ಅಲ್ಲಿಯೂ ಎಡಗಣ್ಣಿನ ರೆಪ್ಪೆ ಜೋತುಬಿದ್ದಿತ್ತು.

"ಇವು ನನ್ನ ಕಣ್ಣದಾವ," ಎಂದರು ಕಾಕಾ.

ಕಾರ್ಯದರ್ಶಿ ಸ್ಟುಡಿಯೋಗೆ ಫೋನ್ ಹಚ್ಚಿದರು. ಆ ಕಡೆಯವನಿಗೆ ಏನೂ ಅನ್ನಿಸಿರಲಿಲ್ಲ. "ಫೋಟೋ ಮೇ ಆಂಖ್ ಹೀ ನಹೀ ಥೀ ಭಾಯಿ, ದೂಸ್ರಾ ಲಗಾ ದಿಯಾ." ಫೋಟೋದಲ್ಲಿ ಕಣ್ಣೇ ಇರಲಿಲ್ಲ, ಬೇರೆಯವನ್ನು ಹಚ್ಚಿದೆ ಎಂದ. ಆ ವಾರವೇ ಕಾಕಾ ಇಲ್ಲಿ ಇರಲು ಬೇಕಾದ ಇಕಾಮಾ ಪರವಾನಗಿಯ ನವೀಕರಣಕ್ಕೆಂದು ಅದೇ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಸಿದ್ದರಂತೆ. ಕೈಗೆ ಸಿಕ್ಕ ಆ ಸ್ಪಷ್ಟ ಕಣ್ಣುಗಳನ್ನು ಅವನು ಅಂಟಿಸಿಬಿಟ್ಟಿದ್ದ.

"ತಗೀರಿ ಅದನ್ನ! ಸತ್ತವನ ಮಾರ್‍ಯಾಗ ನಾ ಕೂತು ಅವನ ಹೇಣ್ತಿನ್ನ ನೋಡ್ಲೇನು? ಆ ಕೂಸಿಗೆ ನಾಳೆ ಅಪ್ಪನ ಮಾರಿ ಅಂದ್ರ ಇದ ಆಗ್ತದ." ಕಾಕಾ ಹಾಗೆ ಕೂಗಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

ಮೂಲ ಚಿತ್ರವನ್ನೇ ಹಾಕಿದೆ. ಗೋಡೆ ಪೂರ್ತಿ ಕಪ್ಪು, ನಡುವೆ ಅಂಗೈಯಗಲದ ಮುಖ. ಕುರ್ಚಿಯಲ್ಲಿ ಕುಳಿತವರಿಗೆ ಏನೂ ಕಾಣುತ್ತಿರಲಿಲ್ಲ. ಒಬ್ಬೊಬ್ಬರಾಗಿ ಎದ್ದು ಹತ್ತಿರ ಹೋದರು. ಬೆಳಕಿಗೆ ಅಡ್ಡ ಬಂದವರ ಬೆನ್ನ ಮೇಲೆ ಅವನ ಮುಖ ಬೀಳುತ್ತಿತ್ತು. ಒಬ್ಬರ ಬೆನ್ನಿನಿಂದ ಇನ್ನೊಬ್ಬರ ಬೆನ್ನಿಗೆ ದಾಟುತ್ತಿತ್ತು. ಹೆಂಡತಿ ಕೈ ಚಾಚಿದಳು. ಮುಖ ಅವಳ ಅಂಗೈಗೆ ಬಂತು. ಮುಷ್ಟಿ ಕಟ್ಟಿದರೆ ಬೆರಳ ಗಂಟುಗಳ ಮೇಲೆ ಬಂತು. ಅಲ್ಲಿದ್ದವರೆಲ್ಲ ಅತ್ತುಬಿಟ್ಟೆವು.

ಆದರೆ ಸ್ಟುಡಿಯೋದವನು ಆ ಕಣ್ಣು ಹಚ್ಚಿದ ಮುಖದ ಒಂದು ಪ್ರಿಂಟನ್ನೂ ಕೊಟ್ಟಿದ್ದ. ಊರಿಂದ ಮರಳಿದ ಮೇಲೆ ಹುಡುಗನ ಹೆಂಡತಿ ಅದನ್ನೇ ಕೇಳಿ ಪಡೆದು ಚೌಕಟ್ಟು ಹಾಕಿಸಿದಳು. ಕಾಕಾ ನನ್ನನ್ನೂ ಕರೆದುಕೊಂಡು ಹೋಗಿ ಅವಳಿಗೆ ಎಲ್ಲ ಬಿಡಿಸಿ ಹೇಳಿದರು. ಅವಳು ತಲೆ ತಗ್ಗಿಸಿಯೇ ಕೇಳಿದಳು.

"ಗೊತ್ತುಂಟು ಕಾಕಾ. ಆದರೆ ಆ ಸಣ್ಣದರಲ್ಲಿ ಅವರು ಎಲ್ಲಿಗೋ ನೋಡ್ತಾರೆ. ಇದರಲ್ಲಿ ನನ್ನನ್ನೇ ನೋಡ್ತಾರೆ. ಇದಾದರೂ ಇರಲಿ."

ಕಾಕಾ ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಪ್ರತಿ ಶುಕ್ರವಾರ ಹಣ್ಣು ಹಿಡಿದು ಅವರ ಮನೆಗೆ ಹೋಗುತ್ತಿದ್ದರು. ಆ ಫೋಟೋ ತಮಗೆ ಕಾಣದ ಹಾಗೆ ಅದರ ಕೆಳಗಿನ ಸೋಫಾದಲ್ಲೇ ಕೂರುವರು. ಹುಡುಗಿ ಎದುರಿಗೆ ನಿಂತು ಒಮ್ಮೆ ಮೇಲೆ, ಒಮ್ಮೆ ಕೆಳಗೆ ನೋಡುತ್ತಿದ್ದಳು. ಅವಳಿಗೆ ಓದು ಬರೆಹ ಕಲಿಸಿದವರು, ಜ್ವರ ಬಂದಾಗ ತಾಯಿ ಡ್ಯೂಟಿಯಿಂದ ಬರುವ ತನಕ ಕಾವಲು ಕೂತವರು ಕಾಕಾ. ಏಕೆ ಇಷ್ಟೊಂದು ಮಾಡುತ್ತೀರಿ ಎಂದು ಕೇಳಿದೆ. "ದಿನಾ ನೋಡೂ ಕಣ್ಣು ನನ್ನವ ಆದಮ್ಯಾಲ, ಖರೇನ ನೋಡಬೇಕಲ್ಲವಾ," ಎಂದರು.

ಕೆಲವು ವರ್ಷಗಳ ಮೇಲೆ ಕಾಕಾ ಇಲ್ಲಿಯೇ, ಕೆಲಸದ ಜಾಗದಲ್ಲೇ ಕುಸಿದು ಹೋದರು. ಸಂತಾಪ ಸಭೆಗೆ ಸ್ಲೈಡ್ ಮಾಡುವ ಸರದಿ ಮತ್ತೆ ನನ್ನದು. ನಾನೇ ನಮ್ಮ ಬಾಲ್ಕನಿಯಲ್ಲಿ ತೆಗೆದ ಫೋಟೋ ಇತ್ತು, ಕ್ಯಾಮೆರಾದ ಮೂಲ ಫೈಲು. ಗೋಡೆಯಷ್ಟು ದೊಡ್ಡದು ಮಾಡಿದರೂ ಒಂದೊಂದು ರೆಪ್ಪೆಗೂದಲು ಎಣಿಸಬಹುದಿತ್ತು. ಮುಂದಿನ ಸಾಲಿನಲ್ಲಿ ಆ ನರ್ಸ್, ಪಕ್ಕದಲ್ಲಿ ಮಗಳು. ಹುಡುಗಿ ಮೆಲ್ಲನೆ ಎದ್ದು ಗೋಡೆಯ ಹತ್ತಿರ ಹೋಗಿ ನಿಂತಳು. ಆ ಕಣ್ಣುಗಳನ್ನು ನೋಡಿ ತಾಯಿಯತ್ತ ತಿರುಗಿದಳು.

"ಮಮ್ಮಿ, ದಟ್ಸ್ ಪಪ್ಪಾ," ಎಂದಳು.

ತಾಯಿ ನನ್ನ ಮುಖ ನೋಡಿದಳು. ಆಮೇಲೆ, "ಹೌದು ಮಗಾ," ಎಂದಳು.