ಒಂದೇ ಕೈ ಹೇಳಿದಂತೆ

ಬಂಡೆಗೆ ಬೆನ್ನು ಒತ್ತಿ ಇಳಿಯುತ್ತಿದ್ದ ನನಗೆ ಅರ್ಧದಲ್ಲಿ ಮುಂದೆ ಕಾಲಿಡುವ ಜಾಗವೇ ಕಾಣಲಿಲ್ಲ. ಎಡಕ್ಕೆ ನೋಡಿದರೆ ಆಳದಲ್ಲಿ ಕಾಡು. ಬೆಟ್ಟದ ತುದಿಯಿಂದ ಅಷ್ಟು ದೊಡ್ಡ ಸುತ್ತುದಾರಿ ಯಾಕೆಂದು ಅಂಗಡಿಯವನ ಬುದ್ಧಿಯಿಂದ ದೂರದಲ್ಲೂ ಚೌಕಾಸಿ ಮಾಡಿ, ನೇರ ಇಳಿಯಲು ಹೊರಟವನು ನಾನೇ.

ಸುತ್ತುದಾರಿಯಲ್ಲಿ ಬಂದು ಮೊದಲೇ ಕೆಳಗೆ ತಲುಪಿದ್ದ ನಾಲ್ವರು ಗೆಳೆಯರು ಒಟ್ಟಿಗೆ ಕೂಗತೊಡಗಿದರು. ಒಬ್ಬ ಬಲಕ್ಕೆ ಎಂದರೆ ಇನ್ನೊಬ್ಬ ಮೇಲಕ್ಕೆ ಎನ್ನುತ್ತಿದ್ದ. ಗೋಪಾಳ ಬಡಾವಣೆಯ ನನ್ನ ಪಾತ್ರೆ ಅಂಗಡಿಯಲ್ಲಿ ಕುಳಿತು ಬಂದವರಿಗೆಲ್ಲ ಸಲಹೆ ಕೊಡುವ ನನಗೆ, ಅವರ ಒಂದು ಸಲಹೆಯೂ ತಲೆಗೆ ಹೋಗಲಿಲ್ಲ.

ಆಗ ಅವರಲ್ಲೊಬ್ಬನಾದ ಭದ್ರಾವತಿಯ ಮುರುಗೇಶ ಮುಂದೆ ಬಂದ. ಕಾರ್ಖಾನೆಯ ಗದ್ದಲದಲ್ಲಿ ಕ್ರೇನ್ ನಡೆಸುವವರಿಗೆ ಕೆಳಗಿನಿಂದ ಕೈಸನ್ನೆ ಕೊಡುವುದು ಅವನ ಕೆಲಸವಾಗಿತ್ತು.

"ಎಲ್ರೂ ಬಾಯಿ ಮುಚ್ರೋ. ಲೋಡ್ ಮೇಲಿದ್ದಾಗ ಒಬ್ನೇ ಕೈ ಎತ್ತೋದು," ಎಂದು ಅವನು ಗದರಿದ್ದು ನನಗೂ ಕೇಳಿಸಿತು.

ಉಳಿದವರು ಹಿಂದೆ ಸರಿದರು. ಅವನ ಬೆರಳು ತೋರಿದ ಕಡೆ ಕಾಲು ಸರಿಸಿದೆ. ಅಂಗೈ ತಗ್ಗಿದಾಗ ಮೆಲ್ಲಗೆ ಜಾರಿದೆ. ಮುಷ್ಟಿ ಬಿಗಿದಾಗ ಅಲುಗದೆ ನಿಂತೆ. ಕಣ್ಣಿಗೆ ಕಾಣದ ಕಲ್ಲು ಕಾಲಿಗೆ ಸಿಕ್ಕಾಗಲೆಲ್ಲ ಎದೆ ಹಿಗ್ಗುತ್ತಿತ್ತು. ನೆಲ ಮುಟ್ಟಿದ ಮೇಲೆ ಹುಡುಗನಂತೆ ಕೇಕೆ ಹಾಕಿದೆ.

"ಇಷ್ಟು ಭಾರದ ಲೋಡ್ ನಾನು ಯಾವತ್ತೂ ಇಳ್ಸಿರ್ಲಿಲ್ಲ ಮಾರಾಯ," ಎಂದು ಮುರುಗೇಶ ನನ್ನ ಹೊಟ್ಟೆ ನೋಡಿ ನಕ್ಕ.

ಚಾರಣಕ್ಕೆ ಹೋಗುವವರು ಇದೊಂದು ಮಾತು ಕೇಳಿ. ಯಾರಾದರೂ ಸಿಕ್ಕಿಹಾಕಿಕೊಂಡರೆ ದಾರಿ ಹೇಳುವವರು ಒಬ್ಬರೇ ಇರಲಿ. ನಾವು ಅಂದೇ ಇನ್ನೊಂದು ವ್ಯೂ ಪಾಯಿಂಟ್‌ಗೂ ಹತ್ತಿದೆವು. ಯಾವ ದಾರಿಯಲ್ಲಿ ಇಳಿಯೋಣ ಎಂದು ಗೆಳೆಯರು ಕೇಳಿದಾಗ ನಾನು ಬಾಯಿ ತೆರೆಯದೆ ಮುರುಗೇಶನ ಕೈ ನೋಡಿದೆ.