ಒದ್ದೆ ಅರಿವೆಯ ಗಂಟು

ಹೋದ ವಾರ ಗೋಡೆಯಲ್ಲಿನ ದೇವರ ಮಾಡು ಒರೆಸುವಾಗ ವಿಭೂತಿ ಡಬ್ಬಿಯ ಕೆಳಗೆ ಹಾಸಿದ್ದ ಹಾಳೆ ಕೈಗೆ ಅಂಟಿಕೊಂಡು ಬಂತು. ಎಣ್ಣೆ ಕುಡಿದು ಹಳದಿಯಾಗಿತ್ತು. ಅದರ ಮೇಲೆ ಪೆನ್ಸಿಲ್ಲಿನ ಎರಡೇ ಗೆರೆಗಳು, ಅಕ್ಕಿಕಾಳಿನಷ್ಟು. ಅದರ ಜೊತೆಯ ಹಾಳೆಗಳಲ್ಲೆಲ್ಲ ಬೀಸಣಿಕೆಯಂಥ ಚಿತ್ರಗಳಿದ್ದವು. ಇದರಲ್ಲಿ ಇರಲಿಲ್ಲ. ಯಾವ ದಿನದ ಹಾಳೆಯೆಂದು ನೋಡಿದ ಕೂಡಲೇ ತಿಳಿಯಿತು... ಒರೆಸುವ ಬಟ್ಟೆ ಬದಿಗಿಟ್ಟು ಅಲ್ಲೇ ಕುಳಿತುಬಿಟ್ಟೆ.

ಎಂಬತ್ತರ ದಶಕದ ಮೊದಲ ವರ್ಷಗಳು. ರಾಯಚೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಬ್ಬ ಹೆಣ್ಣುಮಗಳು ಬಾಡಿಗೆಗಿದ್ದರು. ದೇವದುರ್ಗದವರು, ಮದುವೆಯಾಗಿರಲಿಲ್ಲ, ದವಾಖಾನೆಯ ಪ್ರಯೋಗಶಾಲೆಯಲ್ಲಿ ನೌಕರಿ. ಓಣಿಯವರೆಲ್ಲ ಲ್ಯಾಬಿನಕ್ಕ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನನ್ನ ಮಗಳಿಗೆ ಜ್ವರ ಬಂದಾಗ ಮೂರು ದಿನ ರಜೆ ಹಾಕಿ ನನ್ನ ಜೊತೆ ಕೂತವರು ಅವರು. ಶಿವ ನನಗೆ ಕೊಟ್ಟ ಸಣ್ಣಪುಟ್ಟ ಉಪಕಾರಗಳನ್ನು ಎಣಿಸುವಾಗ ಅವರನ್ನು ಮೊದಲು ಎಣಿಸಬೇಕು. ಎಣಿಸಲು ಬಾಯಿ ಬರುವುದಿಲ್ಲ.

ದೊಡ್ಡರೋಗ ಅನ್ನುತ್ತೇವಲ್ಲ, ಕುಷ್ಠ, ಅದು ಇರುವ ಮನೆಯಲ್ಲಿ ಕೆಲವರಿಗೆ ಹತ್ತುತ್ತದೆ, ಕೆಲವರಿಗೆ ಹತ್ತುವುದಿಲ್ಲ. ಯಾಕೆಂದು ತಿಳಿಯಲು ಒಬ್ಬ ಡಾಕ್ಟರರು ಅಧ್ಯಯನ ನಡೆಸಿದ್ದರು. ಅಕ್ಕ ಮಾನ್ವಿ, ದೇವದುರ್ಗದ ಹಳ್ಳಿಗಳಿಗೆ ಬಸ್ಸಿನಲ್ಲಿ ಹೋಗಿ ಆ ಮನೆಗಳವರ ರಕ್ತ ತರುತ್ತಿದ್ದರು. ಅದರಿಂದ ಬಿಳಿಯ ಕಣಗಳನ್ನು ಬೇರೆ ಮಾಡಿ, ಸೂಜಿಯಷ್ಟು ಸಣ್ಣ ಗಾಜಿನ ನಳಿಗೆಗಳಲ್ಲಿ ತುಂಬಿ, ಒಂದನ್ನು ಬರೀ ಪೋಷಕ ದ್ರವದಲ್ಲೂ ಇನ್ನೊಂದನ್ನು ಸತ್ತ ರೋಗಾಣುವಿನ ಸಾರ ಬೆರೆಸಿದ ದ್ರವದಲ್ಲೂ ಮಲಗಿಸಿ ಬೆಚ್ಚಗೆ ಇಡುತ್ತಿದ್ದರು. ಬೆಳಗಾಗುವಷ್ಟರಲ್ಲಿ ಬರೀ ದ್ರವದ ಕಣಗಳು ತೆವಳಿ ಹೊರಬಂದು ಬೀಸಣಿಕೆಯ ಹಾಗೆ ಹರಡಿರುತ್ತಿದ್ದವು. ರೋಗಾಣುವಿನ ಗುರುತಿದ್ದ ರಕ್ತವಾದರೆ ಇನ್ನೊಂದು ನಳಿಗೆಯ ಕಣಗಳು ಬಾಯಿಯಲ್ಲೇ ನಿಂತುಬಿಡುತ್ತಿದ್ದವು. ಅಂಥ ರಕ್ತ ರೋಗವನ್ನು ಎದುರಿಸಬಲ್ಲದು ಎಂಬುದು ಡಾಕ್ಟರರ ಎಣಿಕೆ. ಎರಡನ್ನೂ ಮಸೂರದಲ್ಲಿ ದೊಡ್ಡದು ಮಾಡಿ ಹಾಳೆಯ ಮೇಲೆ ಬರೆದುಕೊಂಡು ಅಳೆಯುವುದು ಅವರ ಕೆಲಸ.

"ಅಷ್ಟು ಸಣ್ಣವಕ್ಕ ಕಣ್ಣ ಅದಾವೇನ್ರಿ ಅಕ್ಕ, ಗುರ್ತ ಹಿಡಿಯಾಕ?" ಎಂದು ಕೇಳಿದ್ದೆ.

"ಕಣ್ಣ ಎಲ್ಲಿ ಅದಾವ ಬೇ, ಮುಟ್ಟಿ ಹಿಡಿತಾವ. ನಿಮ್ಮತ್ತಿ ಕತ್ತಲದಾಗ ಡಬ್ಬಿ ಮುಟ್ಟಿ, ಇದು ನಮ್ದು, ಇದು ಮಂದಿದು ಅಂತ ಹೇಳಂಗಿಲ್ಲೇನು? ಹಂಗ."

ರಕ್ತ ಜೀವಂತವಾಗಿ ಲ್ಯಾಬು ಮುಟ್ಟಬೇಕಿತ್ತು. ಐಸಿನಲ್ಲಿಟ್ಟರೆ ಕಣಗಳು ತೆವಳುವುದಿಲ್ಲ, ಬಿಸಿಲಿಗಿಟ್ಟರೆ ಸಾಯುತ್ತವೆ. ಅದಕ್ಕೆ ಅಕ್ಕ ಸೀಸೆಗಳನ್ನು ಬುತ್ತಿ ಡಬ್ಬಿಯಲ್ಲಿಟ್ಟು, ಡಬ್ಬಿಗೆ ಒದ್ದೆ ಅರಿವೆ ಸುತ್ತಿ ಗಂಟು ಹಾಕಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಿದ್ದರು.

ಅವತ್ತು ಶ್ರಾವಣ ಸೋಮವಾರ. ಮಧ್ಯಾಹ್ನ ಅಕ್ಕ ಮಾನ್ವಿ ಕಡೆಯ ಕುರ್ಡಿ ಹಳ್ಳಿಯಿಂದ ಬಂದವರು ಲ್ಯಾಬಿಗೆ ಬೀಗ ಬಿದ್ದದ್ದು ನೋಡಿ ಮನೆಗೆ ಬಂದರು.

"ಚಾವಿ ತರಾಕ ಹೊಂಟೀನಿ. ಇದು ನಿಮ್ಮ ನೀರಿನ ಗಡಿಗಿ ಬಾಜೂಕ ಇರ್ಲಿ. ಬಿಸಲಿಗೂ ಬ್ಯಾಡ, ಐಸಿಗೂ ಬ್ಯಾಡ. ತಾಯಿ ಮಗಳದು ಅದ. ಐದ್ ಸಲ ಹೋದ ಮ್ಯಾಲ ಒಪ್ಯಾಳ ಆಕಿ. ಗಂಡಗ ದೊಡ್ಡರೋಗ. 'ನನ್ನ ಮಗಳ ರಕ್ತಕ್ಕ ಗುರ್ತ ಸಿಗ್ತದೋ ಇಲ್ಲೋ, ಅಷ್ಟ ಹೇಳ್ರಿ' ಅಂದಾಳ."

ನಮ್ಮ ನೀರಿನ ಗಡಿಗೆ ಇದ್ದದ್ದು ದೇವರ ಮಾಡಿನ ಕೆಳಗೆ. ಅಕ್ಕ ಹೋದ ಮೇಲೆ ನನ್ನ ಕಣ್ಣು ಆ ಡಬ್ಬಿ ಬಿಟ್ಟು ಕದಲಲಿಲ್ಲ. ಸೋಮವಾರ, ದೇವರ ಕೆಳಗೆ, ಅಂಥವರ ರಕ್ತ. ತೊಟ್ಟಿಲಲ್ಲಿ ಕೂಸು. ಅತ್ತೆ ಹೇಳಿದರು ಅನ್ನಬಹುದಿತ್ತು, ಆದರೆ ಅತ್ತೆ ಅವತ್ತು ಊರಲ್ಲಿರಲಿಲ್ಲ. ನಾನೇ ಎದ್ದೆ. ಸೆರಗಿನಿಂದ ಹಿಡಿದು, ಡಬ್ಬಿಯನ್ನು ಬಚ್ಚಲಿಗೆ ಒಯ್ದು ನೀರೊಲೆಯ ಕಟ್ಟೆಯ ಮೇಲೆ ಇಟ್ಟೆ. ಮೇಲೆ ಕಾದ ತಗಡು, ಬದಿಯಲ್ಲಿ ಕೂಸಿನ ನೀರಿಗೆ ಹಚ್ಚಿದ ಒಲೆ. ಆಮೇಲೆ ಕೈ ತೊಳೆದು ಪೂಜೆಗೆ ಕುಳಿತೆ. ಮನಸ್ಸಿಟ್ಟು ಪೂಜೆ ಮಾಡಿದೆ ಅನ್ನುವುದು ಇನ್ನೂ ನಾಚಿಕೆಯ ಮಾತು.

ಪೂಜೆ ಮುಗಿಸಿ ಹೋಗಿ ನೋಡಿದರೆ ಅರಿವೆ ಹಪ್ಪಳವಾಗಿತ್ತು. ಡಬ್ಬಿ ಸುಡುತ್ತಿತ್ತು. ಗಂಟು ಬಿಚ್ಚಿ, ಅರಿವೆ ಅದ್ದಿ, ಮತ್ತೆ ಸುತ್ತಿ ಕಟ್ಟಿ ಗಡಿಗೆಯ ಬದಿಗೆ ಇಟ್ಟೆ. ಅಕ್ಕ ಬಂದು ಎತ್ತಿಕೊಂಡರು. ಗಂಟಿನ ಮೇಲೆ ಬೆರಳಾಡಿಸಿ ನೋಡಿ, ಲ್ಯಾಬಿಗೆ ಹೊರಟರು.

ಮರುದಿನ ಮುಖ ಸಪ್ಪಗೆ ಮಾಡಿಕೊಂಡು ಬಂದರು. "ಯಾವ ಕಡೀನೂ ಬೀಸಣಿಕಿ ಆಗಿಲ್ಲ ತಂಗಿ. ಒಂದ ಕಣ ಸುದ್ದಾ ಹೊರಗ ಬಂದಿಲ್ಲ." ಡಾಕ್ಟರರು ನಾಲ್ಕು ಮಂದಿಯ ಮುಂದೆ ಬೈದರಂತೆ.

ವಾರ ಕಳೆದು ಅಕ್ಕ ಮತ್ತೆ ಕುರ್ಡಿಗೆ ಹೊರಟಾಗ "ನಾನೂ ಬರ್ತೀನ್ರಿ" ಅಂದೆ. ದಾರಿಯಲ್ಲಿ ಹೇಳಿಬಿಡಬೇಕೆಂದುಕೊಂಡಿದ್ದೆ. ಮಾನ್ವಿ ದಾಟಿತು, ಗದ್ದೆಗಳು ದಾಟಿದವು... ಬಾಯಿ ಬಿಡಲಾಗಲಿಲ್ಲ.

ಆ ತಾಯಿ ಬಾಗಿಲಲ್ಲೇ ನಿಂತು ಕೇಳಿದಳು. "ಮೊನ್ನಿ ಒಯ್ದದ್ದು ಎಲ್ಲಿ ಚೆಲ್ಲಿ ಬಂದ್ರೆವ್ವಾ?"

"ನನ್ನ ಕೈಲೇ ಕೆಟ್ಟತ್ರಿ. ತಪ್ಪು ನಂದ," ಅಂದರು ಅಕ್ಕ.

"ನಂದು ಹೋಗ್ಲಿ ಬಿಡ್ರಿ. ಈ ಹುಡುಗಿ ಸೂಜಿ ಕಂಡು ಓಡ್ಯಾಡ್ತು, ನಾನ ಕೈ ಒತ್ತಿ ಹಿಡಿದೆ. ಅವತ್ತಿಂದ ನನ್ನ ಬಾಜು ಮಲಗವಲ್ದು. ಇನ್ನೊಮ್ಮಿ ಹಿಡಿ ಅಂತೀರೇನು? ನಮ್ಮ ರಕ್ತ ಏನು ಮೋರಿ ನೀರೇನ್ರಿ?"

ಅಕ್ಕ ತಲೆ ತಗ್ಗಿಸಿದರು. ಹೊರಗಿನ ಕಟ್ಟೆಯ ಮೇಲೆ ಅವರ ಪಕ್ಕದಲ್ಲೇ ಕುಳಿತಿದ್ದ ನಾನು ಸೆರಗಿನ ಅಂಚು ನೋಡುತ್ತಿದ್ದೆ. ಅಷ್ಟು ಬೈದವಳೇ ಒಳಗೆ ಹೋಗಿ ಎರಡು ಲೋಟ ನೀರು ತಂದಳು. ನನ್ನ ಮುಂದೆ ಇಟ್ಟು, "ಕುಡೀರಿ, ತೊಳದದ್ದ ಅದ," ಅಂದಳು.

"ಇವತ್ತು ನಂದು ಉಪವಾಸ ಅದ್ರಿ. ನೀರೂ ಮುಟ್ಟಂಗಿಲ್ಲ," ಅಂದೆ.

ಅವತ್ತು ಬುಧವಾರ. ನನಗೆ ಯಾವ ಉಪವಾಸವೂ ಇರಲಿಲ್ಲ. ದೇವರ ಹೆಸರನ್ನು ಅಡ್ಡ ಹಿಡಿದು, ಬಾಯಾರಿದ್ದರೂ ಆಕೆಯ ಮನೆಯ ನೀರು ಒಲ್ಲೆನೆಂದೆ. ಅಕ್ಕ ನನ್ನ ಮುಖ ನೋಡಿದರು. ತಮ್ಮ ಲೋಟ ಖಾಲಿ ಮಾಡಿ, ನನ್ನದನ್ನೂ ಎತ್ತಿ ಕುಡಿದರು.

ರಕ್ತ ಸಿಗಲಿಲ್ಲ. ಆ ಹುಡುಗಿಯ ರಕ್ತಕ್ಕೆ ಗುರುತು ಸಿಗುತ್ತಿತ್ತೋ ಇಲ್ಲವೋ, ಆ ತಾಯಿಗೆ ಯಾರೂ ಹೇಳಲಿಲ್ಲ. ಗಂಡನ ಗುಳಿಗೆ ಮಾತ್ರ ನಿಲ್ಲಲಿಲ್ಲ, ಅಕ್ಕ ತಪ್ಪದೆ ಮುಟ್ಟಿಸಿದರು. ಅಷ್ಟಾದರೂ ಆಯಿತು ಅಂದುಕೊಳ್ಳುತ್ತೇನೆ. ತಿರುಗಿ ಬರುವಾಗ ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದರು. "ತಗೋ. ಉಪವಾಸ ಬಿಡು ಈಗ," ಅಂದರು. ತಿಂದೆ. ಖಾರಕ್ಕೆ ಕಣ್ಣೀರು ಬಂತೆಂದು ತೋರಿಸಿಕೊಂಡೆ.

ಅದಾದ ಮೇಲೆ ಅವರು ಡಬ್ಬಿಯನ್ನು ನಮ್ಮ ಮನೆಯಲ್ಲಿ ಇಡಲಿಲ್ಲ. ತಮಗೆ ಜ್ವರ ಇದ್ದ ದಿನವೂ ಅದನ್ನು ಎದೆಗೆ ಅವಚಿಕೊಂಡು ಲ್ಯಾಬಿನ ಮೆಟ್ಟಿಲ ಮೇಲೆ ಕಾಯುತ್ತಿದ್ದರು. ನನ್ನ ಜೊತೆಗಿನ ಮಾತು ಮಾತ್ರ ಮೊದಲಿನಂತೆಯೇ ಇತ್ತು. ವರ್ಗವಾಗಿ ಹೋಗುವಾಗ ಹಳೆಯ ಹಾಳೆಗಳ ಕಟ್ಟು ಕೊಟ್ಟು, "ಮಾಡಿಗೆ ಹಾಸಾಕ ಬರ್ತಾವ," ಅಂದರು. ಹಾಸಿದೆ. ಒಂದನ್ನೂ ತಿರುಗಿಸಿ ನೋಡಲಿಲ್ಲ. ಅವರು ತೀರಿಕೊಂಡರೆಂದು ದೇವದುರ್ಗದಿಂದ ಅವರ ತಮ್ಮ ಕಾಗದ ಬರೆದಾಗಲೂ ನಾನು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ ಅಂದುಕೊಂಡೆ... ಹೋಗಬೇಕಿತ್ತು.

ಹೋದ ವಾರ ಆ ಹಾಳೆ ತಿರುಗಿಸಿದೆ. ಹಿಂದೆ ಅವರ ಅಕ್ಷರ, ಎರಡು ಸಾಲು. ಮೊದಲಿನದು: "ಗಂಟು ನಾನು ಕಟ್ಟಿದ್ದಲ್ಲ." ಅದರ ಮೇಲೆ ಒಂದೇ ಗೆರೆ ಎಳೆದು ಹೊಡೆದುಹಾಕಿದ್ದರು. ಕೆಳಗೆ ಡಾಕ್ಟರರಿಗೆ ತೋರಿಸಲೆಂದು ಬರೆದದ್ದು: "ಕಣಗಳಲ್ಲಿ ಚಲನೆ ಇಲ್ಲ. ಕಾರಣ, ದಾರಿಯಲ್ಲಿ ನನ್ನ ಅಜಾಗ್ರತೆ."

ಹಾಳೆಯನ್ನು ಮತ್ತೆ ಮಾಡಿನಲ್ಲೇ ಹಾಸಿದ್ದೇನೆ, ಬರೆದ ಮಗ್ಗಲು ಮೇಲೆ ಮಾಡಿ. ವಿಭೂತಿ ಡಬ್ಬಿ ಅದರ ಮೇಲೆ ಇಟ್ಟಿಲ್ಲ. ದಿನಾ ದೀಪ ಹಚ್ಚುವಾಗ ಆ ಎರಡು ಸಾಲು ಓದಿದ ಮೇಲೆಯೇ ಕೈ ಮುಗಿಯುತ್ತೇನೆ.